ಕಿರುದೋಣಿಯ ನೀರದಾರಿ

ಕುಂದಗೋಳ ತಾಲೂಕಿನ ಸಂಶಿಯು ಎರೆಭೂಮಿಯ ಊರು. ಮಳೆಗಾಲದಲ್ಲಿ ತುಂಬಿ ಹರಿದು, ಬೇಸಗೆಯಲ್ಲಿ ಬತ್ತುವ ಹಳ್ಳಗಳನ್ನು ಕಂಡು ಬೆಳೆದ ಸೀಮೆ ಅದು. ಅಲ್ಲಿಂದ ಹುಬ್ಬಳ್ಳಿಯ ಮಾರ್ಗವಾಗಿ ಪಶ್ಚಿಮಕ್ಕೆ ಅರ್ಧ ದಿನ ಪಯಣಿಸಿದರೆ ದಾಂಡೇಲಿಯ ದಟ್ಟ ಕಾಡೂ ಕಾಳಿ ನದಿಯೂ ಎದುರಾಗುತ್ತವೆ.

2020ರ ಕೊರೋನಾ ಪಿಡುಗಿನ ಕಾಲದಲ್ಲಿ ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡುವ ಪದ್ಧತಿ ಬಹಳವಾಗಿ ಹರಡಿತು. ಗಣಕಯಂತ್ರವನ್ನು ಹೆಗಲಿಗೇರಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ದುಡಿಯುವವರೂ ಇಂದು ಉಂಟು. ಇಂಥವರು ಬಿಡುವಿನ ವೇಳೆಯಲ್ಲಿ ಅರಸಿ ಬರುವ ಆಟಗಳಲ್ಲಿ ಕಯಾಕ್ ಎಂಬ ಕಿರುದೋಣಿಯ ವಿಹಾರವೂ ಒಂದು.

ಕಯಾಕ್ ಉತ್ತರ ಧ್ರುವಪ್ರದೇಶದ ಇನ್ಯುಯಿಟ್ ಜನರ ಕೊಡುಗೆ. ಮರಗಳು ಬೆಳೆಯದ ಆ ಹಿಮಭೂಮಿಯಲ್ಲಿ, ಕಡಲಲ್ಲಿ ತೇಲಿಬಂದ ಕಟ್ಟಿಗೆಯಿಂದಲೋ ತಿಮಿಂಗಿಲದ ಎಲುಬಿನಿಂದಲೋ ಹಂದರ ಕಟ್ಟಿ, ಸೀಲ್ ಪ್ರಾಣಿಯ ತೊಗಲನ್ನು ಹೊದಿಸಿ, ಅವರು ಬೇಟೆಗೆ ಹೋಗುತ್ತಿದ್ದರು. ನಮ್ಮ ತುಂಗಭದ್ರೆಯ ಹರಿಗೋಲೂ ಹಿಂದೆ ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದೋಣಿಯೇ ಆಗಿತ್ತು. ಒಬ್ಬರನ್ನೊಬ್ಬರು ಕಂಡರಿಯದ ಜನರು ಒಂದೇ ಬಗೆಯ ಉಪಾಯವನ್ನು ಕಂಡುಕೊಂಡದ್ದು ಸೋಜಿಗವಲ್ಲವೆ? ಆದರೆ ಆಕಾರಕ್ಕೆ ತಕ್ಕಂತೆ ಗುಣವೂ ಬೇರೆ. ದುಂಡಗಿನ ಹರಿಗೋಲು ಕಲ್ಲುಬಂಡೆಗಳ ನಡುವಿನ ತೆಳುನೀರಿನಲ್ಲಿಯೂ ಭಾರ ಹೊತ್ತು ತೇಲುತ್ತದೆ. ಆದರೆ ಸುಲಭವಾಗಿ ತಿರುಗಿಬಿಡುತ್ತದೆ. ನೀಳವಾದ ಕಯಾಕ್ ನೀರನ್ನು ಸೀಳಿಕೊಂಡು ನೇರವಾಗಿ ಸಾಗುತ್ತದೆ. ಎರಡೂ ತುದಿಗಳಲ್ಲಿ ಅಲಗುಳ್ಳ ಒಂದೇ ಹುಟ್ಟನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಾಕಿ ಅದನ್ನು ನಡೆಸುತ್ತಾರೆ.

ದೋಣಿ ಒಂದೇ ಆದರೂ ನೀರಿನ ಸ್ವಭಾವ ಎಲ್ಲೆಡೆ ಒಂದೇ ಅಲ್ಲ. ಗಣೇಶಗುಡಿಯ ಬಳಿ ಕಾಳಿಗೆ ಸೂಪಾ ಅಣೆಕಟ್ಟಿದೆ. ಅಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಹೊರಬಿಟ್ಟ ನೀರೇ ಕೆಳಗಿನ ಹರಿವನ್ನು ಏರಿಳಿಸುತ್ತದೆ. ಮುಗಿಲು ಶುಭ್ರವಾಗಿದ್ದರೂ ಹೊಳೆ ಏರಬಹುದು. ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುವೆಡೆ ನೀರು ಶಾಂತವಾಗಿ ತೋರುತ್ತದೆ. ಆದರೆ ಅಲ್ಲಿ ಕಡಲಿನ ಉಬ್ಬರವಿಳಿತದ ಆಳಿಕೆ. ಉಬ್ಬರದಲ್ಲಿ ಕಾಂಡ್ಲಾ ಗಿಡಗಳ ನಡುವೆ ಸರಾಗವಾಗಿ ನುಸುಳಿದ ದೋಣಿ, ಇಳಿತದಲ್ಲಿ ಕೆಸರಿಗೆ ಸಿಲುಕೀತು.

ಆದುದರಿಂದ ಈಜು ಬಲ್ಲವನೂ ಲೈಫ್ ಜಾಕೆಟ್ ಧರಿಸಬೇಕು. ಸ್ಥಳೀಯ ಅಂಬಿಗರನ್ನು ಕೇಳಿಯೇ ನೀರಿಗಿಳಿಯಬೇಕು. ನೀರು ಯಾವಾಗ ಏರುವುದು, ಎಲ್ಲಿ ಸುಳಿಯುವುದು ಎಂಬುದು ನಿತ್ಯವೂ ಆ ದಂಡೆಯಲ್ಲಿ ಬಾಳುವವರಿಗೆ ಗೊತ್ತು. ಮಳೆಗಾಲದ ಪ್ರವಾಹದಲ್ಲಿ ಅವರು ಬೇಡವೆಂದರೆ ಹಿಂದಿರುಗುವುದೇ ಜಾಣತನ.

ಪ್ರವಾಸಿಗನು ಅರಿಯಬೇಕಾದ ಮತ್ತೊಂದು ಸಂಗತಿಯಿದೆ. ಸೂಪಾ ಜಲಾಶಯದ ತಿಳಿನೀರಿನಡಿ ಸೂಪಾ ಎಂಬ ಊರೇ ಮುಳುಗಿದೆ. ಮನೆಮಾರುಗಳನ್ನು ಬಿಟ್ಟ ಎಷ್ಟೋ ಕುಟುಂಬಗಳು ರಾಮನಗರದಲ್ಲಿ ಹೊಸ ಬಾಳನ್ನು ಕಟ್ಟಿಕೊಂಡವು. ನಾಡಿನ ಮನೆಗಳಿಗೆ ಬೆಳಕು ಬಂದುದರ ಹಿಂದೆ ಅವರ ತ್ಯಾಗವಿದೆ. ಕೆಲವು ದಿನ ತಂಗಿ ಹೋಗುವ ಅತಿಥಿಗೆ ಹೊಳೆಯು ವಿಹಾರಸ್ಥಾನ. ದಂಡೆಯ ಜನರಿಗೆ ಅದೇ ಬದುಕು. ಅದನ್ನು ಕೆಡಿಸದೆ, ಕಸ ಚೆಲ್ಲದೆ, ಬಂದಂತೆಯೇ ಹಿಂದಿರುಗುವವನೇ ಒಳ್ಳೆಯ ಪ್ರವಾಸಿ.