ಮನೆ ಬಿಡಲ್ಲ ಅಂದ ಕುಟುಂಬ

ಇವತ್ತು ಒಂದು ಹಳೇ ಸಿನಿಮಾ ಕಥೆ ಹೇಳ್ತೀನಿ. 1952ರ ಬ್ರಿಟಿಷ್ ಹಾಸ್ಯಚಿತ್ರ, ‘ದಿ ಹ್ಯಾಪಿ ಫ್ಯಾಮಿಲಿ’. ನಿರ್ದೇಶಕಿ ಮ್ಯುರಿಯಲ್ ಬಾಕ್ಸ್.

1951ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಸರ್ಕಾರ ‘ಫೆಸ್ಟಿವಲ್ ಆಫ್ ಬ್ರಿಟನ್’ ಎಂಬ ದೊಡ್ಡ ಉತ್ಸವ ನಡೆಸಿತು. ಚಿತ್ರದಲ್ಲಿ ಆ ಉತ್ಸವದ ರಸ್ತೆಗೆ ಲಾರ್ಡ್ ಕುಟುಂಬದ ಅಂಗಡಿ-ಮನೆ ಅಡ್ಡ ಬರುತ್ತೆ. ಖಾಲಿ ಮಾಡಿ ಅಂತಾರೆ ಅಧಿಕಾರಿಗಳು. ಇವರು ಬಾಗಿಲು ಹಾಕ್ಕೊಂಡು ಕೂತುಬಿಡ್ತಾರೆ. ಅಂಗಡಿ ಸಾಮಾನೇ ಮದ್ದುಗುಂಡು!

ನಗು ಬರುತ್ತೆ, ನಿಜ. ಆದರೆ ಯುದ್ಧ ಮುಗಿದು ಏಳು ವರ್ಷವಾದರೂ ಅಲ್ಲಿ ಸಕ್ಕರೆ, ಮಾಂಸಕ್ಕೆ ರೇಷನ್ ಇತ್ತು. ಬಾಂಬಿಗೆ ಮನೆ ಕಳ್ಕೊಂಡವರು ಲಕ್ಷಾಂತರ. ಅಂಥ ಊರಲ್ಲಿ, ಬಾಂಬಿಗೂ ಬೀಳದೆ ಉಳಿದ ಮನೆಯನ್ನು ಉತ್ಸವಕ್ಕೆ ಅಂತ ಕೆಡವಬಹುದೇ? ನಕ್ಕು ಮುಗಿದ ಮೇಲೆ ನನ್ನನ್ನು ಕಾಡಿದ್ದು ಈ ಪ್ರಶ್ನೆ.