ವೇಗದ ಕಾರಿಗೂ ಉಂಟು ಎಣ್ಣೆಸ್ನಾನ!

ಎಂಜಿನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಬೇಕೆಂಬುದು ಕಾರು ಇಟ್ಟುಕೊಂಡವರೆಲ್ಲರಿಗೂ ತಿಳಿದ ಸಂಗತಿ. ಆದರೆ ಆ ಎಂಜಿನಿನ ಬಲವನ್ನು ಗಾಲಿಗಳಿಗೆ ಮುಟ್ಟಿಸುವ ಗೇರುಪೆಟ್ಟಿಗೆಗೂ ಒಂದು ಎಣ್ಣೆಯುಂಟು, ಅದಕ್ಕೂ ಆಯುಸ್ಸಿನ ಮಿತಿಯುಂಟು ಎಂಬುದನ್ನು ನೆನೆಯುವವರು ವಿರಳ. ಸಾಧಾರಣ ಕಾರಿನಲ್ಲಿ ಈ ಮರೆವು ಕೆಲಕಾಲ ನಡೆದುಹೋದೀತು. ವೇಗಕ್ಕೆಂದೇ ನಿರ್ಮಿಸಿದ ಕಾರಿನಲ್ಲಿ ಅದಕ್ಕೆ ತೆರಬೇಕಾದ ದಂಡ ಭಾರಿಯಾದುದು.

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯು 2003ರಲ್ಲಿ ತನ್ನ ಗಾಲ್ಫ್ ಆರ್-32 ಎಂಬ ಕಾರಿಗೆ ಹೊಸ ಬಗೆಯ ಗೇರುಪೆಟ್ಟಿಗೆಯೊಂದನ್ನು ಅಳವಡಿಸಿತು. 1980ರ ದಶಕದಲ್ಲಿ ಪಂದ್ಯದ ಕಾರುಗಳಲ್ಲಿ ಪ್ರಯೋಗಗೊಂಡಿದ್ದ ವಿಧಾನವು ಹೀಗೆ ಸಂಸಾರಸ್ಥರ ಮನೆಯಂಗಳಕ್ಕೆ ಬಂದಿತು. ಡಿ.ಎಸ್.ಜಿ. ಎಂದು ಹೆಸರಾದ ಈ ಪೆಟ್ಟಿಗೆಯಲ್ಲಿ ಗೇರುಗಳು ಆರು, ಕ್ಲಚ್ಚುಗಳು ಎರಡು. ಒಂದು, ಮೂರು, ಐದನೆಯ ಗೇರುಗಳೂ ಹಿನ್ನಡೆಯ ಗೇರೂ ಮೊದಲನೆಯ ಕ್ಲಚ್ಚಿನ ವಶ. ಎರಡು, ನಾಲ್ಕು, ಆರು ಇನ್ನೊಂದರ ವಶ. ಕಾರು ಎರಡನೆಯ ಗೇರಿನಲ್ಲಿ ಓಡುತ್ತಿರುವಾಗಲೇ ಮೂರನೆಯದು ಅಣಿಯಾಗಿ ನಿಂತಿರುತ್ತದೆ. ಒಂದು ಕ್ಲಚ್ಚು ಕೈಬಿಡುತ್ತಿದ್ದಂತೆಯೇ ಮತ್ತೊಂದು ಹಿಡಿಯುತ್ತದೆ. ಒಳಗೆ ಕುಳಿತವರಿಗೆ ಗೇರು ಬದಲಾದುದೇ ತಿಳಿಯದು.

ಈ ಎರಡೂ ಕ್ಲಚ್ಚುಗಳು ಸದಾ ಎಣ್ಣೆಯಲ್ಲಿ ಮಿಂದಿರುವಂಥವು. ಆ ಎಣ್ಣೆಗೆ ಇಲ್ಲಿ ಮೂರು ಕೆಲಸಗಳಿವೆ. ಹಲ್ಲುಗಾಲಿಗಳು ಸವೆಯದಂತೆ ಕಾಯುವುದು ಮೊದಲನೆಯದು. ಉಜ್ಜಾಟದಿಂದ ಕಾದ ಕ್ಲಚ್ಚುಗಳನ್ನು ತಂಪುಗೊಳಿಸುವುದು ಎರಡನೆಯದು. ಒತ್ತಡದಿಂದ ಹರಿದು ಗೇರುಗಳನ್ನೂ ಕ್ಲಚ್ಚುಗಳನ್ನೂ ಕದಲಿಸುವುದು ಮೂರನೆಯದು. ಆಳು, ವೈದ್ಯ, ಸಾರಥಿ ಮೂರೂ ಒಂದೇ ಎಣ್ಣೆ ಎಂದಮೇಲೆ ಅದು ಬಳಲದೆ ಇರುವುದು ಸಾಧ್ಯವೆ? ಕ್ಲಚ್ಚಿನಿಂದ ಸವೆದ ಪುಡಿ ಅದರಲ್ಲಿ ಸೇರುತ್ತದೆ. ಪದೇಪದೇ ಕಾದು ಅದರ ಗುಣ ಕುಂದುತ್ತದೆ. ಆದುದರಿಂದಲೇ ಸುಮಾರು 60,000 ಕಿಲೋಮೀಟರಿಗೊಮ್ಮೆ ಎಣ್ಣೆಯನ್ನೂ ಸೋಸುವ ಫಿಲ್ಟರನ್ನೂ ಬದಲಾಯಿಸಬೇಕೆಂಬ ವಿಧಿ.

ನಮ್ಮ ದೇಶಕ್ಕೆ 2017ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್.ಎಸ್. ಕಾರಿನಲ್ಲಿದ್ದುದೂ ಆರು ಗೇರುಗಳ ಡಿ.ಎಸ್.ಜಿ.ಯೇ. ಜರ್ಮನಿಯ ವಿಶಾಲ ಹೆದ್ದಾರಿಯಲ್ಲಿ ಕ್ಲಚ್ಚು ಒಮ್ಮೆ ಹಿಡಿದರೆ ಬಹುದೂರ ಹಿಡಿದೇ ಇರುತ್ತದೆ. ಬೆಂಗಳೂರಿನ ವಾಹನಸಂದಣಿಯಲ್ಲಿಯಾದರೋ ಕಾರು ಅಂಗುಲ ಅಂಗುಲವಾಗಿ ತೆವಳುವಾಗ ಕ್ಲಚ್ಚು ಪ್ರತಿಸಲವೂ ಜಾರಿ ಜಾರಿ ಕಾಯುತ್ತದೆ. ವೇಗವಾಗಿ ಓಡಿಸದಿದ್ದರೆ ಎಣ್ಣೆ ಹೆಚ್ಚು ದಿನ ಬಾಳೀತೆಂಬ ನಂಬಿಕೆ ಇಲ್ಲಿ ಸಲ್ಲದು.

ಇನ್ನು ಬದಲಾವಣೆಯ ಕ್ರಮ. ಕಾರನ್ನು ಲಿಫ್ಟಿನ ಮೇಲೆ ನಾಲ್ಕೂ ಕಡೆ ಸಮನಾಗಿರುವಂತೆ ಎತ್ತಬೇಕು. ಬರಿಯ ಜಾಕಿಯನ್ನು ನಂಬಿ ಅಡಿಯಲ್ಲಿ ನುಸುಳುವುದು ಪ್ರಾಣಕ್ಕೇ ಅಪಾಯ. ಗೇರುಪೆಟ್ಟಿಗೆ ತಣ್ಣಗಿರಬೇಕು. ಫಿಲ್ಟರನ್ನು ಬದಲಾಯಿಸಿ, ತಳದ ಬಿರಡೆಯನ್ನು ಬಿಚ್ಚಿದರೆ ಸ್ವಲ್ಪ ಎಣ್ಣೆ ಮಾತ್ರ ಇಳಿದು ನಿಲ್ಲುತ್ತದೆ. ಅಷ್ಟಕ್ಕೇ ಕೆಲಸ ಮುಗಿಯಿತೆಂದು ಭಾವಿಸಬಾರದು. ಆ ರಂಧ್ರದೊಳಗೆ ಪ್ಲಾಸ್ಟಿಕ್ಕಿನ ಚಿಕ್ಕದೊಂದು ನಳಿಗೆ ನಿಂತಿದೆ. ಅದನ್ನೂ ತೆಗೆದಾಗಲೇ ಉಳಿದುದು ಧಾರೆಯಾಗಿ ಸುರಿಯುವುದು. ಪೆಟ್ಟಿಗೆ ಒಟ್ಟು ಸುಮಾರು 7 ಲೀಟರು ಹಿಡಿಯುವುದಾದರೂ ಹೊರಬರುವುದು 5 ಲೀಟರಿಗೆ ತುಸು ಹೆಚ್ಚು. ಮಿಕ್ಕುದು ಒಳಗಣ ಸಂದುಗೊಂದುಗಳಲ್ಲಿ ಉಳಿಯುತ್ತದೆ.

ನಳಿಗೆಯನ್ನು ಮತ್ತೆ ಕೂರಿಸಿ ಹೊಸ ಎಣ್ಣೆ ತುಂಬಿದಮೇಲೆ ನಿಜವಾದ ಪರೀಕ್ಷೆ. ಅಳೆದು ನೋಡಲು ಇಲ್ಲಿ ಕಡ್ಡಿಯಿಲ್ಲ. ಎಂಜಿನನ್ನು ನಡೆಸಿ, ಬ್ರೇಕು ಒತ್ತಿಹಿಡಿದು, ಗೇರುಗೋಲನ್ನು ಒಂದೊಂದೇ ಸ್ಥಾನದಲ್ಲಿ ಕೆಲವು ಕ್ಷಣ ನಿಲ್ಲಿಸಬೇಕು. ಆಗ ಎಣ್ಣೆ ಎಲ್ಲ ದಾರಿಗಳಲ್ಲಿಯೂ ಹರಿಯುತ್ತದೆ. ಅದರ ಉಷ್ಣತೆಯನ್ನು ಪರೀಕ್ಷಾಯಂತ್ರವೊಂದು ತಿಳಿಸುತ್ತಿರುತ್ತದೆ. ಉಷ್ಣತೆ 35ರಿಂದ 45 ಡಿಗ್ರಿ ಸೆಂಟಿಗ್ರೇಡಿನ ನಡುವೆ ಇರುವಾಗ, ಎಂಜಿನು ನಡೆಯುತ್ತಿರುವಂತೆಯೇ, ಬಿರಡೆಯನ್ನು ಬಿಚ್ಚಬೇಕು. ನಳಿಗೆಯ ತುದಿಗಿಂತ ಮೇಲಿರುವ ಎಣ್ಣೆ ತಾನಾಗಿ ಇಳಿದು, ಧಾರೆ ಹೋಗಿ ಹನಿಯಾದಾಗ ಮಟ್ಟ ಸರಿಯಾಯಿತೆಂದು ಅರ್ಥ. ಏನೂ ಇಳಿಯದಿದ್ದರೆ ಇನ್ನೂ ಎಣ್ಣೆ ಬೇಕೆಂದು ಅರ್ಥ.

ಹತ್ತು ಡಿಗ್ರಿಗಳ ಅಂತರಕ್ಕೆ ಇಷ್ಟೊಂದು ಮಹತ್ವವೇಕೆ? ಎಣ್ಣೆ ಕಾದಂತೆ ಹಿಗ್ಗುತ್ತದೆ. ಮಿತಿಮೀರಿ ಕಾದಾಗ ಅಳೆದರೆ ಇರಬೇಕಾದುದೂ ಹೊರಗೆ ಹರಿದುಹೋಗುತ್ತದೆ; ಆಮೇಲೆ ತಣಿದಾಗ ಕೊರತೆ ಬಿದ್ದು, ಒತ್ತಡ ಕುಗ್ಗಿ, ಕ್ಲಚ್ಚುಗಳು ಜಾರಿ ಸುಟ್ಟುಹೋಗಬಹುದು. ತಣ್ಣಗಿರುವಾಗ ಅಳೆದರೆ ಹೆಚ್ಚಾದ ಎಣ್ಣೆ ಒಳಗೇ ಉಳಿದು, ಹಲ್ಲುಗಾಲಿಗಳು ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆಯೆಬ್ಬಿಸುತ್ತವೆ. ಪಾಕದ ಎಳೆ ನೋಡಿ ಉಂಡೆ ಕಟ್ಟುವ ಗೃಹಿಣಿಯರಿಗೆ ಈ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಣ್ಣೆ ಆಯಾ ಪೆಟ್ಟಿಗೆಗೆಂದೇ ವಿಧಿಸಿದುದಾಗಿರಬೇಕು. ಅಗ್ಗವೆಂದು ಬೇರೊಂದನ್ನು ಸುರಿದರೆ ಕ್ಲಚ್ಚಿನ ಹಿಡಿತವೇ ಕೆಡುತ್ತದೆ. 2008ರಲ್ಲಿ ಬಂದ ಏಳು ಗೇರುಗಳ ಒಣ ಕ್ಲಚ್ಚಿನ ಪೆಟ್ಟಿಗೆಗೂ ಡಿ.ಎಸ್.ಜಿ. ಎಂದೇ ಹೆಸರು, ಆದರೆ ಅದರ ಎಣ್ಣೆಯೂ ಕ್ರಮವೂ ಬೇರೆ. ಹೆಸರನ್ನು ನೋಡಿ ಮೋಸಹೋಗಬಾರದು. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲಿದರೆ ನೀರೂ ನೆಲವೂ ಕೆಡುತ್ತವೆ; ಅದನ್ನು ಸಂಗ್ರಹಿಸಿ ಶುದ್ಧಿಗೊಳಿಸುವವರಿಗೆ ಒಪ್ಪಿಸುವುದು ಧರ್ಮ.

ಈ ಕೆಲಸವನ್ನು ಮನೆಯವರೇ ಮಾಡಬೇಕೆಂದಿಲ್ಲ. ಮಾಡುವವರನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ಯಾವ ಎಣ್ಣೆ ಹಾಕುವಿರಿ? ಫಿಲ್ಟರು ಬದಲಾಯಿಸುವಿರಾ? ಮಟ್ಟವನ್ನು ಎಷ್ಟು ಡಿಗ್ರಿಯಲ್ಲಿ ನೋಡುವಿರಿ? ಮೂರನೆಯದಕ್ಕೆ ತಡವರಿಸದೆ ಉತ್ತರ ಕೊಡುವವರ ಕೈಗೆ ಕಾರನ್ನು ಧೈರ್ಯವಾಗಿ ಒಪ್ಪಿಸಬಹುದು.