ಹಸಿಶುಂಠಿ: ಯಾವಾಗ ಹಾಕಬೇಕು, ಎಷ್ಟು ಹೊತ್ತು ಬಿಡಬೇಕು

ಶುಂಠಿ ಬೇರಲ್ಲ, ನೆಲದೊಳಗೆ ಅಡ್ಡಡ್ಡ ಬೆಳೆಯುವ ಕಾಂಡ. ಅರಿಸಿನ, ಏಲಕ್ಕಿಗಳದೂ ಇದೇ ಕುಟುಂಬ. ಐದಾರು ತಿಂಗಳಿಗೇ ಕಿತ್ತರೆ ಎಳೆಶುಂಠಿ: ತೆಳುಸಿಪ್ಪೆ, ನಾರು ಕಡಿಮೆ, ಖಾರವೂ ಕಡಿಮೆ. ಎಂಟೊಂಬತ್ತು ತಿಂಗಳು ಬಿಟ್ಟರೆ ಬಲಿತ ಶುಂಠಿ. ಜಪಾನಿನಲ್ಲಿ ಸುಶಿಯ ಪಕ್ಕ ಇಡುವ ನಸುಗೆಂಪು ಉಪ್ಪಿನಕಾಯಿ ಎಳೆಯದರದ್ದು; ಚೀನಾ, ತೈವಾನ್‌ಗಳ ಬಾಣಲೆಗೆ ಬೀಳುವುದು ಹೆಚ್ಚಾಗಿ ಬಲಿತದ್ದು. ಥಾಯ್ ತೋಮ್ ಯಮ್ ಸಾರಿಗೆ ಬೇಕಾದದ್ದು ಶುಂಠಿಯಲ್ಲ, ಅದರ ದಾಯಾದಿ ಗಲಂಗಲ್. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಖಾರದ ಕಥೆಯನ್ನು ಬೇಗ ಮುಗಿಸೋಣ. ಹಸಿಶುಂಠಿಯ ಖಾರ ಜಿಂಜರಾಲ್ ಎಂಬ ವಸ್ತುವಿನದು. ಮೆಣಸಿನಕಾಯಿಯ ಉರಿಯನ್ನು ಗುರುತಿಸುವ ನರಗ್ರಾಹಕವನ್ನೇ ಇದೂ ತಟ್ಟುತ್ತದೆ. ಆ ಗ್ರಾಹಕವನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಒಣಗಿಸಿದರೆ ಜಿಂಜರಾಲ್‌ನ ಒಂದು ಭಾಗ ನೀರು ಕಳೆದುಕೊಂಡು ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ಬೇಯಿಸಿದರೆ ಒಂದಷ್ಟು ಜಿಂಜರೋನ್ ಆಗಿ ಮೆತ್ತಗಿನ ಸಿಹಿಗಂಪು ಬರುತ್ತದೆ. ಹಸಿಶುಂಠಿ ಮುಗಿದಿದೆಯೆಂದು ಒಣಶುಂಠಿ ಪುಡಿ ಉದುರಿಸುವವರು ಇದನ್ನು ಮರೆಯಬಾರದು. ಅದು ಬೇರೆಯೇ ಮಸಾಲೆ.

ಜನ ಎಡವುವುದು ಇಲ್ಲಲ್ಲ, ಶುಂಠಿಯ ಕಿಣ್ವದ ವಿಷಯದಲ್ಲಿ. 'ಹಾಲಿಗೆ ಶುಂಠಿ ಹಾಕಿದರೆ ಏಕೆ ಒಡೆಯುತ್ತದೆ?' ಎಂದು ಕೇಳಿ ನೋಡಿ. ಶುಂಠಿಯಲ್ಲಿ ಹುಳಿಯಿದೆ ಎಂಬ ಉತ್ತರವೇ ಹೆಚ್ಚು ಬರುತ್ತದೆ. ಅದು ತಪ್ಪು. ಹಾಲು ಒಡೆಯುವಷ್ಟು ಹುಳಿ ಶುಂಠಿಯಲ್ಲಿಲ್ಲ. ಅಲ್ಲಿರುವುದು ಜಿಂಜಿಬೇನ್ ಎಂಬ ಕಿಣ್ವ. ಪರಂಗಿಕಾಯಿಯ ಪಪೇನ್‌ನಂತೆ ಪ್ರೋಟೀನನ್ನು ತುಂಡರಿಸುವ ಜಾತಿಯದು. ಇದು ಚುರುಕಾಗಿ ಕೆಲಸ ಮಾಡುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಸಾಕಷ್ಟು ಮೇಲೆ ಹೋದರೆ ತಾನೇ ಕೆಡುತ್ತದೆ, ಕುದಿಯಲ್ಲಿ ಸತ್ತೇ ಹೋಗುತ್ತದೆ. ತಣ್ಣನೆಯ ಹಾಲಿಗೆ ಶುಂಠಿ ಜಜ್ಜಿ ಹಾಕಿ ಒಲೆಯ ಮೇಲಿಟ್ಟರೆ ಹಾಲು ನಿಧಾನವಾಗಿ ಆ 60ರ ಆಸುಪಾಸನ್ನು ಹಾದು ಹೋಗುತ್ತದೆ. ಅಷ್ಟರಲ್ಲಿ ಕಿಣ್ವ ಹಾಲಿನ ಕೆಸೀನನ್ನು ಕತ್ತರಿಸಿರುತ್ತದೆ. ಶುಂಠಿಯನ್ನು ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಹಾಲು ಸುರಿಯುವ ನಮ್ಮ ಮನೆಗಳ ಚಹಾದ ಕ್ರಮ ಕಿಣ್ವದ ಹೆಸರು ಕೇಳದೆಯೇ ಅದನ್ನು ಗೆದ್ದಿದೆ!

ನಾವು ತಪ್ಪಿಸಿಕೊಳ್ಳುವ ಇದೇ ಗುಣವನ್ನು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನವರು ಬೇಕೆಂದೇ ಬಳಸುತ್ತಾರೆ. ಬಲಿತ ಶುಂಠಿಯನ್ನು ಆಗಲೇ ತುರಿದು ಹಿಂಡಿದ ರಸ ಎರಡು ಚಮಚ ಬಟ್ಟಲಲ್ಲಿಟ್ಟು, ಸಕ್ಕರೆ ಬೆರೆಸಿ ಕಾಯಿಸಿದ ಹಾಲನ್ನು ಸುಮಾರು 70 ಡಿಗ್ರಿಗೆ ಆರಿಸಿ, ಒಂದೇ ಏಟಿಗೆ ಸುರಿದು ಸುಮ್ಮನಿರುತ್ತಾರೆ. ಕದಡಬಾರದು. ಹತ್ತು ನಿಮಿಷದೊಳಗೆ ಚಮಚ ಇಟ್ಟರೆ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಪಕ್ಕದಲ್ಲೇ ಇನ್ನೊಂದು ಬಟ್ಟಲಿನಲ್ಲಿ ಕುದಿಸಿದ ಶುಂಠಿರಸಕ್ಕೆ ಅದೇ ಹಾಲು ಹಾಕಿ. ಅದು ಹಾಲಾಗಿಯೇ ಉಳಿಯುತ್ತದೆ. ಶಾಲೆಯ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ರುಚಿಯಾದ ಪ್ರಯೋಗ ಸಿಗುವುದು ಕಷ್ಟ.

ಮಾಂಸದ ಮೇಲೂ ಇದೇ ಕಿಣ್ವದ ಕೈಚಳಕ. ಮಾಂಸವನ್ನು ಜಿಗುಟಾಗಿಸುವ ಕೊಲಾಜೆನ್ ಎಂಬ ನಾರಿನ ಮೇಲೆ ಜಿಂಜಿಬೇನ್‌ಗೆ ವಿಶೇಷ ಹಿಡಿತವಿದೆ. ಆದರೆ 'ರಾತ್ರಿಯಿಡೀ ನೆನೆಸಿದಷ್ಟೂ ಮೆತ್ತಗೆ' ಎಂಬ ನಂಬಿಕೆಯನ್ನು ಕೈಬಿಡಿ. ಶುಂಠಿರಸ ತುಂಡಿನ ಒಳಕ್ಕೆ ಇಳಿಯುವುದು ಬಹಳ ಕಡಿಮೆ. ಹೊರಮೈ ಅಂಟಂಟಾಗಿ ಹಿಟ್ಟಿನಂತಾಗುತ್ತದೆ, ನಡುಭಾಗ ಇದ್ದಂತೆಯೇ ಇರುತ್ತದೆ. ತೆಳ್ಳಗೆ ಹೆಚ್ಚಿದ ಅರ್ಧ ಕಿಲೋ ಕೋಳಿಗೆ ಒಂದು ದೊಡ್ಡ ಚಮಚ ತುರಿ, ಇಪ್ಪತ್ತು ನಿಮಿಷ ಸಾಕು. ಅಂಗಡಿಯ ಶುಂಠಿ-ಬೆಳ್ಳುಳ್ಳಿ ಪೇಸ್ಟ್‌ನಿಂದ ಈ ಮೆತ್ತಗಾಗುವಿಕೆ ನಿರೀಕ್ಷಿಸಬೇಡಿ. ಹಿಂಡಿಟ್ಟ ರಸದಲ್ಲಿ ಕಿಣ್ವ ಬೇಗ ಸೊರಗುತ್ತದೆ.

ಜಪಾನಿನ ಶೋಗಾಯಾಕಿ ನಿಂತಿರುವುದು ಈ ಲೆಕ್ಕದ ಮೇಲೆಯೇ. ಅಲ್ಲಿ ಹಂದಿಮಾಂಸದ ತೆಳು ಹಾಳೆಗಳು; ನಮ್ಮಲ್ಲಿ ಕೋಳಿತೊಡೆಯಾದರೂ ಸರಿ. ಸೋಯಾ ಸಾಸ್, ಅಕ್ಕಿಮದ್ಯ, ಸಿಹಿಯಾದ ಮಿರಿನ್, ಶುಂಠಿತುರಿ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟು, ಜೋರು ಉರಿಯಲ್ಲಿ ಹುರಿಯುತ್ತಾರೆ. ಇಳಿಸುವ ಮುನ್ನ ಇನ್ನೊಂದಿಷ್ಟು ಹಸಿತುರಿ ಹಾಕುವುದು ನನ್ನ ಇಷ್ಟದ ದಾರಿ. ಮೊದಲು ಹಾಕಿದ್ದು ಮಾಂಸಕ್ಕೆ, ಕೊನೆಯಲ್ಲಿ ಹಾಕಿದ್ದು ಮೂಗಿಗೆ.

ತೈವಾನಿನ 'ಮೂರು ಬಟ್ಟಲ ಕೋಳಿ'ಯಲ್ಲಿ ಕ್ರಮ ತಿರುಗುಮುರುಗು. ಎಳ್ಳೆಣ್ಣೆ, ಸೋಯಾ ಸಾಸ್, ಅಕ್ಕಿಮದ್ಯ ಒಂದೊಂದು ಬಟ್ಟಲೆಂದು ಹೆಸರು ಹೇಳಿದರೂ ಮನೆಗಳಲ್ಲಿ ಅಷ್ಟು ಯಾರೂ ಸುರಿಯುವುದಿಲ್ಲ. ಬಲಿತ ಶುಂಠಿಯನ್ನು ಸಿಪ್ಪೆ ಸಮೇತ ಬಿಲ್ಲೆ ಮಾಡಿ, ಅಂಚು ಮುದುಡಿ ಕಂದಾಗುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಬೇಕು. ಇಲ್ಲಿ ಕಿಣ್ವಕ್ಕೆ ಕೆಲಸವಿಲ್ಲ, ಹಸಿಘಾಟೂ ಬೇಡ; ಖಾರದ ಕಂಪು ಎಣ್ಣೆಗೆ ಇಳಿದರಾಯಿತು. ಅವರ ಎಳ್ಳೆಣ್ಣೆ ಹುರಿದ ಎಳ್ಳಿನದು, ಕಪ್ಪುಗಂದು, ಉರಿ ಜೋರಾದರೆ ಕಹಿಯಾಗುತ್ತದೆ. ನಮ್ಮ ಗಾಣದ ಎಣ್ಣೆ ಬಳಸುವುದಾದರೆ ಕೊನೆಗೆ ಹುರಿದ ಎಳ್ಳು ಕುಟ್ಟಿ ಹಾಕಿ. ಕೆಳಗಿಳಿಸುವಾಗ ಅವರು ಬೇಸಿಲ್ ಎಲೆ ಹಾಕದೆ ಬಿಡುವುದಿಲ್ಲ.

ಕ್ಯಾಂಟನ್ ಕಡೆಯ ಹಬೆಮೀನಿನಲ್ಲಿ ಶುಂಠಿ ಬಹುಪಾಲು ಹಸಿಯಾಗಿಯೇ ತಟ್ಟೆಗೆ ಬರುತ್ತದೆ. ಅರ್ಧ ಕಿಲೋದಷ್ಟು ಮಾಂಜಿ ಮೀನನ್ನು ಎಂಟು-ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಮೀನಿನ ವಾಸನೆಯೆಲ್ಲ ಆ ನೀರಿನಲ್ಲಿದೆ. ಮೇಲೆ ಕೂದಲೆಳೆಯಂತೆ ಹೆಚ್ಚಿದ ಶುಂಠಿ, ಈರುಳ್ಳಿಸೊಪ್ಪು ಹರಡಿ, ಹೊಗೆಯಾಡುವ ಎಣ್ಣೆಯನ್ನು ಚುಂಯ್ ಎಂದು ಸುರಿದು, ಸುತ್ತ ಸೋಯಾ ಸಾಸ್ ಹಾಕಿದರೆ ಮುಗಿಯಿತು. ಎಣ್ಣೆ ಬರೀ ಬಿಸಿಯಾಗಿದ್ದರೆ ಸಾಲದು, ಆ ಸದ್ದು ಬರಲೇಬೇಕು.

ಶುಂಠಿಯ ತಳಿಗೂ ಅಡುಗೆಗೂ ಇರುವ ಸಂಬಂಧವನ್ನು ನಮ್ಮಲ್ಲಿ ಇನ್ನೂ ಯಾರಾದರೂ ಕೂತು ಬರೆಯಬೇಕಿದೆ. ಹಾಸನ, ಕೊಡಗು, ಶಿವಮೊಗ್ಗದ ಗದ್ದೆಗಳಲ್ಲಿ ಬೆಳೆಯುವ ರಿಯೋ ಡಿ ಜನೈರೊ, ಹಿಮಾಚಲದಂಥ ತಳಿಗಳಲ್ಲಿ ರಸ, ನಾರು, ಖಾರ ಒಂದೇ ಸಮನಿಲ್ಲ. ಮುಂದಿನ ಸಂತೆಯಲ್ಲಿ ಎರಡು ಬಗೆ ಕೊಂಡು, ಹಾಲಿನ ಬಟ್ಟಲಿನ ಪ್ರಯೋಗವನ್ನು ಎರಡರಲ್ಲೂ ಮಾಡಿ, ಯಾವುದು ಎಷ್ಟು ನಿಮಿಷಕ್ಕೆ ಗಟ್ಟಿಯಾಯಿತೆಂದು ಬರೆದಿಡಿ.